ಕೆಚ್ಚಲು ಬಾವಿಗೆ ಮೊದಲ ಮದ್ದು ಕೊಟ್ಟಿಗೆಯಲ್ಲಿದೆ

ಮಳೆಗಾಲದ ಮಲೆನಾಡಿನಲ್ಲಿ ಕೊಟ್ಟಿಗೆಯ ಹಸಿಸೊಪ್ಪಿನ ಹಾಸು ಸೆಗಣಿ, ಗಂಜಲದೊಡನೆ ಕೊಳೆತು ರೋಗಾಣುಗಳ ನೆಲೆಯಾಗುತ್ತದೆ. ಹಾಲು ಕರೆದ ಬಳಿಕ ಮೊಲೆತೊಟ್ಟಿನ ರಂಧ್ರ ಅರ್ಧ ಗಂಟೆಯಾದರೂ ತೆರೆದಿರುತ್ತದೆ. ಆಗ ಹಸು ಮಲಗಿದರೆ ಬ್ಯಾಕ್ಟೀರಿಯಾ ಒಳಹೊಕ್ಕು ಕೆಚ್ಚಲು ಬಾವು ತರುತ್ತದೆ.

ಬಾವು ಇಳಿಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ರೋಗ ಮರುಕಳಿಸುತ್ತದೆ. ಪದೇ ಪದೇ ಆ್ಯಂಟಿಬಯೋಟಿಕ್ ಕೊಟ್ಟಂತೆಲ್ಲ ರೋಗಾಣುಗಳು ಅದಕ್ಕೆ ಮಣಿಯದಾಗುತ್ತವೆ. ಮದ್ದಿನ ಶೇಷವು ಹಾಲಿನೊಡನೆ ಮಕ್ಕಳ ಹೊಟ್ಟೆಯನ್ನೂ, ಗೊಬ್ಬರದೊಡನೆ ತೋಟದ ಮಣ್ಣನ್ನೂ ಸೇರುತ್ತದೆ. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕದಿರುವುದು ನಷ್ಟವೇ ಹೌದು. ಆದರೆ ಆ ನಷ್ಟವನ್ನು ಪರರ ಮಕ್ಕಳ ಮೇಲೆ ಹೊರಿಸುವುದು ನ್ಯಾಯವಲ್ಲ.

ಬೇಸಿಗೆಯಲ್ಲೇ ಕೂಡಿಟ್ಟ ಒಣ ತರಗೆಲೆಯ ಹಾಸು, ಕರೆಯುವ ಮುನ್ನ ತೊಳೆದ ಕೈ ಮತ್ತು ಕೆಚ್ಚಲು, ಕರೆದೊಡನೆ ಹಸು ನಿಂತೇ ಇರುವಂತೆ ಒಂದು ಕಂತೆ ಹುಲ್ಲು: ಇವನ್ನು ಮರೆತ ಕೊಟ್ಟಿಗೆಗೆ ಎಷ್ಟು ಚುಚ್ಚುಮದ್ದು ತಂದರೂ ಸಾಲದು.