ರಾಜಸೇವೆಯೋ, ಲೋಕಸೇವೆಯೋ?

ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿದ ಬಿ.ಎಂ. ಶ್ರೀಕಂಠಯ್ಯನವರು ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದವರು. ಬಾಳೆಲ್ಲ ಅವರು ದುಡಿದದ್ದು ಕನ್ನಡಕ್ಕಾಗಿ. ಮೈಸೂರು ಅರಮನೆ ಕೊಟ್ಟ ಬಿರುದು ಮಾತ್ರ ‘ರಾಜಸೇವಾಸಕ್ತ’! ದುಡಿಮೆ ನಾಡಿನದು, ಬಿರುದಿನಲ್ಲಿ ಹೆಸರು ರಾಜನದು. ಆ ರಾಜನಿಗೂ ಮೇಲೊಬ್ಬ ಒಡೆಯನಿದ್ದ. ಬ್ರಿಟಿಷ್ ಸಿಂಹಾಸನ 1861ರಲ್ಲಿ ಸ್ಥಾಪಿಸಿದ ‘ಸ್ಟಾರ್ ಆಫ್ ಇಂಡಿಯಾ’ ಪದವಿಯ ಮೊದಲ ದರ್ಜೆ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ದೊರೆತದ್ದು 1907ರಲ್ಲಿ. ಆ ದರ್ಜೆ ಸಂದದ್ದು ಬಹುಮಟ್ಟಿಗೆ ಸಂಸ್ಥಾನಾಧೀಶರಿಗೆ, ವೈಸರಾಯ್ ಗವರ್ನರುಗಳಿಗೆ. ನೇಗಿಲು ಹಿಡಿದವನಿಗೆ ಅಲ್ಲಿ ಎಡೆಯಿರಲಿಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನ, ಸೈನ್ಯ ಮತ್ತು ವಿದ್ಯೆಯ ಪದವಿಗಳ ಹೊರತು ಸರ್ಕಾರ ಯಾವ ಬಿರುದನ್ನೂ ಕೊಡಕೂಡದೆಂದು 18ನೆಯ ವಿಧಿಯಲ್ಲಿ ಸಾರಿತು. 1954ರಲ್ಲಿ ಭಾರತರತ್ನ, ಪದ್ಮ ಪ್ರಶಸ್ತಿಗಳು ಬಂದವು. ಇವು ಬಿರುದುಗಳಲ್ಲ, ಹೆಸರಿನ ಹಿಂದುಮುಂದೆ ಅಂಟಿಸಿಕೊಳ್ಳಕೂಡದು ಎಂದು 1995ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಏನೂ ಬದಲಾಗಿಲ್ಲವೆಂದು ನಾವು ಹೇಳುವುದಿಲ್ಲ. ನಾಟಕದ ಗುಬ್ಬಿ ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಬಂತು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಕಲ್ಲುಗಣಿಯಲ್ಲಿ ಕೂಲಿ ಮಾಡಿ, ಗಂಡನೊಡನೆ ಹುಲಿಕಲ್–ಕುದೂರು ರಸ್ತೆಗೆ ಆಲದ ಸಾಲು ಬೆಳೆಸಿದ ತಿಮ್ಮಕ್ಕನವರಿಗೆ 2019ರಲ್ಲಿ ಅದೇ ಗೌರವ ಸಂದಿತು. ಪದ್ಮ ಪ್ರಶಸ್ತಿಗೆ ಯಾವ ನಾಗರಿಕನಾದರೂ ಹೆಸರು ಸೂಚಿಸಬಹುದು.

ಅತ್ಯುನ್ನತವಾದ ಭಾರತರತ್ನದ ಗತಿಯೇನು? ಜನಾಂಗ, ಕಸಬು, ಅಂತಸ್ತು, ಲಿಂಗ ಇವುಗಳ ಭೇದವಿಲ್ಲವೆಂದು ನಿಯಮ ಹೇಳುತ್ತದೆ. ಆದರೆ ರಾಷ್ಟ್ರಪತಿಗೆ ಹೆಸರನ್ನು ಶಿಫಾರಸು ಮಾಡುವವರು ಪ್ರಧಾನಮಂತ್ರಿಗಳು. ವರ್ಷಕ್ಕೆ ಮೂರೇ ಎಂಬ ಮಿತಿಯಿದ್ದರೂ, ಲೋಕಸಭಾ ಚುನಾವಣೆ ನಡೆದ 2024ರಲ್ಲಿ ಐದು ಹೆಸರು ಹೊರಬಿದ್ದವು. ಸಿದ್ಧಗಂಗೆಯಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಶಿವಕುಮಾರ ಸ್ವಾಮಿಗಳಿಗೆ ಅದು ಸಲ್ಲಬೇಕೆಂದು ತುಮಕೂರಿನ ಜನ ವರ್ಷಗಟ್ಟಲೆ ಕೇಳಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾಗುವವರೆಗೂ ಬರಲಿಲ್ಲ. ಕೊಟ್ಟದ್ದೇಕೆ, ಕೊಡದೆ ಉಳಿದದ್ದೇಕೆ ಎಂದು ಜನತೆಗೆ ಉತ್ತರ ಹೇಳುವ ಹೊಣೆ ಯಾರ ಮೇಲೂ ಇಲ್ಲ. ಕೆಳಗಿನ ಬಾಗಿಲು ತೆರೆದು ಮೇಲಿನ ಬಾಗಿಲಿಗೆ ಅಗುಳಿ ಹಾಕಿದರೆ ಅದು ಪ್ರಜಾಪ್ರಭುತ್ವವೇ?

ನಮ್ಮ ಬೇಡಿಕೆ ಸರಳವಾದದ್ದು. ಕುಣಿಗಲಿನ ರೈತನೂ, ಗುಬ್ಬಿಯಲ್ಲಿ ಅಡಿಕೆ ಸುಲಿಯುವ ಹೆಂಗಸೂ ಭಾರತರತ್ನಕ್ಕೆ ಹೆಸರು ಸೂಚಿಸುವಂತಾಗಲಿ. ಆರಿಸಿದ ಕಾರಣವನ್ನು ಪಾರ್ಲಿಮೆಂಟಿನ ಮುಂದಿಡಲಿ. ಒಬ್ಬರ ಮರ್ಜಿಯಿಂದ ಬರುವ ಗೌರವ, ಎಷ್ಟೇ ಯೋಗ್ಯರಿಗೆ ಸಂದರೂ, ರಾಜಸೇವೆಯ ವಾಸನೆಯನ್ನು ಬಿಡದು.