ಹೂ ಉದುರಿದ ಆರ್ಕಿಡ್

ಉಡುಗೊರೆಯಾಗಿ ಬಂದ ಆರ್ಕಿಡ್ ಕುಂಡವನ್ನು ಹೂ ಉದುರಿದೊಡನೆ ಕಸಕ್ಕೆ ಹಾಕುವವರು ನಮ್ಮಲ್ಲಿ ಅನೇಕರು. ಬಡ್ಡಿ ಬಂತೆಂದು ಅಸಲನ್ನೇ ಎಸೆದಂತೆ! ಫಲೆನಾಪ್ಸಿಸ್ ಜಾತಿಯ ಗಿಡ ಹಲವು ವರ್ಷ ಬದುಕಿ ಮತ್ತೆ ಮತ್ತೆ ಹೂ ಬಿಡುತ್ತದೆ. ಹೂದಂಟು ಹಸಿರಾಗಿದ್ದರೆ ಬುಡದಿಂದ ಎರಡು-ಮೂರು ಗೆಣ್ಣು ಬಿಟ್ಟು ಕತ್ತರಿಸಿ, ಅಲ್ಲಿಂದ ಕವಲೊಡೆಯಬಹುದು. ಮಣ್ಣು ಬೇಡ; ಮರದ ತೊಗಟೆಚೂರು, ಇದ್ದಿಲು ಸಾಕು. ನೆಲ ಅಗೆಯುವ ಹಿಂಸೆಯೂ ಇಲ್ಲ. ಗೊಬ್ಬರವೆಂದು ಮೂಳೆಪುಡಿ ಕೊಟ್ಟರೆ ಖಂಡಿತ ಬೇಡವೆನ್ನಿ. ಬೇರು ಬೆಳ್ಳಗಾದಾಗ ನೀರು ಕೊಡಿ, ಹಸಿರಾಗಿರುವಾಗ ಬೇಡ. ಎಲೆಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಹೊಸ ದಂಟು ಮೂಡಲು ಕೆಲವು ವಾರ ರಾತ್ರಿ 16ರಿಂದ 18 ಡಿಗ್ರಿಯ ತಂಪು ಬೇಕು. ಬತ್ತೇರಿ, ಕಲ್ಪೆಟ್ಟದಲ್ಲಿ ಅದು ಚಳಿಗಾಲದಲ್ಲಿ ತಾನಾಗಿ ಸಿಗುತ್ತದೆ. ಕಾಸರಗೋಡಿನ ಸೆಖೆಯವರಿಗೆ ಡೆಂಡ್ರೋಬಿಯಂ ಮೇಲು. ಕಾಡುಮರದ ಸೀತಾಳೆಯನ್ನು ಮಾತ್ರ ಯಾರೂ ಕಿತ್ತು ತರಬೇಡಿ, ನರ್ಸರಿಯದ್ದು ಸಾಕು.