ಅಳೆಯದೆ ಡಿಸ್ಕ್ ಬದಲಿಸಬೇಡಿ

ಬ್ರೇಕ್ ಒತ್ತಿದರೆ ಪೆಡಲ್ ಕಾಲಿಗೆ ಒದೆಯುತ್ತದೆ ಎಂದು ಗ್ಯಾರೇಜಿಗೆ ಹೋದವರಿಗೆ ಹೆಚ್ಚಾಗಿ ಸಿಗುವ ಉತ್ತರ ಒಂದೇ: ‘ಡಿಸ್ಕ್ ಬೆಂಡಾಗಿದೆ, ಹೊಸ ಜೊತೆ ಹಾಕಿಬಿಡೋಣ.’ ಚಕ್ರ ಬಿಚ್ಚುವ ಮೊದಲೇ ಈ ಮಾತು ಬಂದಿರುತ್ತದೆ. ಚಾರ್ಮಾಡಿ ಘಾಟಿಯ ಬುಡದಲ್ಲಿ ಗ್ಯಾರೇಜ್ ಇಟ್ಟುಕೊಂಡು ಬ್ರೇಕ್ ಕೆಲಸವನ್ನೇ ಜಾಸ್ತಿ ಮಾಡುವ ನನಗೆ ಇದನ್ನು ಕೇಳಿದಾಗೆಲ್ಲ ಸಿಟ್ಟು ಬರುತ್ತದೆ. ಅಳತೆ ಮಾಡದೆ ಡಿಸ್ಕ್ ಬದಲಿಸಿದರೆ ಗಿರಾಕಿಯ ದುಡ್ಡು ಹೋಗುತ್ತದೆ, ರೋಗ ಕಾರಿನಲ್ಲೇ ಉಳಿಯುತ್ತದೆ.

ಕಳೆದ ಮಳೆಗಾಲ ಮುಗಿದ ಮೇಲೆ ಉಜಿರೆ ಕಡೆಯ ಟೀಚರೊಬ್ಬರು ತಮ್ಮ ಸಣ್ಣ ಕಾರು ತಂದರು. ‘ಎರಡು ಸಲ ಡಿಸ್ಕ್ ಹಾಕಿಸಿ ಆಯ್ತು ಮಾರಾಯ್ರೆ. ಮೂರು ತಿಂಗಳು ಸರಿ ಇರ್ತದೆ, ಮತ್ತೆ ಕಾಲಿಗೆ ಧಡಧಡ ಹೊಡೀತದೆ’ ಅಂದರು. ಮುಂದಿನ ಎಡ ಚಕ್ರ ತೆಗೆದು, ಡಿಸ್ಕನ್ನು ನಟ್ಟುಗಳಿಂದ ಹಬ್ಬಿಗೆ ಬಿಗಿದು, ಅದರ ಅಂಚಿನ ಹತ್ತಿರ ಡಯಲ್ ಗೇಜಿನ ಮೊನೆ ತಾಗಿಸಿ, ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದೆ. ಮುಳ್ಳು 0.14 ಮಿಲಿಮೀಟರ್‌ನಷ್ಟು ಅತ್ತಿತ್ತ ಓಡಿತು. 0.05ರ ಒಳಗಿದ್ದರೆ ನಿಶ್ಚಿಂತೆ. ಆಯಾ ಕಾರಿನ ಮಿತಿ ಕಂಪನಿಯ ಮ್ಯಾನುವಲ್‌ನಲ್ಲೇ ಇರುತ್ತದೆ. ಡಿಸ್ಕ್ ಕಳಚಿದರೆ ಹಬ್ಬಿನ ಮುಖದ ಮೇಲೆ, ಒಂದು ಬೋಲ್ಟಿನ ಪಕ್ಕದಲ್ಲಿ, ಅರ್ಧ ಭತ್ತದ ಕಾಳಿನಷ್ಟು ತುಕ್ಕು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಎರಡು ಸಲವೂ ಹೊಸ ಡಿಸ್ಕನ್ನು ಆ ತುಕ್ಕಿನ ಮೇಲೆಯೇ ಕೂರಿಸಿದ್ದರು. ವೈರ್ ಬ್ರಷ್, ಉಪ್ಪುಕಾಗದ ಹಾಕಿ ಉಜ್ಜಿ ಅದೇ ಡಿಸ್ಕನ್ನು ಮತ್ತೆ ಕೂರಿಸಿದಾಗ ಮುಳ್ಳು 0.03ಕ್ಕೆ ಇಳಿಯಿತು. ಡಿಸ್ಕಿನ ದಪ್ಪ, ಅದರ ಮೇಲೆಯೇ ಅಚ್ಚೊತ್ತಿರುವ ಕನಿಷ್ಠ ಅಳತೆಗಿಂತ ಸಾಕಷ್ಟು ಹೆಚ್ಚಿತ್ತು. ಹಾಗಾಗಿ ಲೇತಿನಲ್ಲಿ ತೆಳ್ಳಗೆ ಸ್ಕಿಮ್ಮಿಂಗ್ ಮಾಡಿಸಿದ್ದೇ ಸಾಕಾಯಿತು.

ಡಿಸ್ಕ್ ಓರೆಯಾಗಿ ಕೂತ ದಿನವೇ ಪೆಡಲ್ ಒದೆಯುವುದಿಲ್ಲ. ನಮ್ಮ ಕಸುಬಿನ ದೊಡ್ಡ ಮೋಸ ಅಡಗಿಕೊಳ್ಳುವುದೂ ಇಲ್ಲಿಯೇ. ಬ್ರೇಕ್ ಮುಟ್ಟದೆ ಓಡಿಸುವಾಗಲೂ ಡಿಸ್ಕಿನ ಓರೆಯಾದ ಭಾಗ ಸುತ್ತಿಗೊಮ್ಮೆ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಸವೆದು ಸವೆದು ಆ ಜಾಗ ತೆಳುವಾಗುತ್ತದೆ. ಮೈಕ್ರೊಮೀಟರ್ ಹಿಡಿದು ಡಿಸ್ಕಿನ ಸುತ್ತ ಏಳೆಂಟು ಕಡೆ ದಪ್ಪ ನೋಡಿದರೆ 0.02 ಮಿಲಿಮೀಟರ್ ವ್ಯತ್ಯಾಸ ಕಂಡರೂ ಸಾಕು, ಕಾಲಿಗೆ ತಿಳಿಯುತ್ತದೆ. ದಪ್ಪ ಜಾಗ ಬಂದಾಗ ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ, ತೆಳು ಜಾಗದಲ್ಲಿ ಮುಂದಕ್ಕೆ ಬರುತ್ತದೆ. ಆ ತಳ್ಳಾಟ ಬ್ರೇಕ್ ಆಯಿಲ್ ಹಿಡಿದು ಪೆಡಲಿನವರೆಗೆ ಬರುತ್ತದೆ. ಜೂನಿನಲ್ಲಿ ಮಾಡಿದ ಕೆಟ್ಟ ಕೆಲಸ ಸೆಪ್ಟೆಂಬರಿನಲ್ಲಿ ಕಾಣಿಸಿಕೊಂಡರೆ ಎರಡಕ್ಕೂ ನಂಟಿದೆ ಎಂದು ಗಿರಾಕಿಗೆ ಹೇಗೆ ಹೊಳೆಯಬೇಕು? ‘ನೀವು ಬ್ರೇಕ್ ಜಾಸ್ತಿ ಹೊಡೀತೀರಿ’ ಎಂದು ಅವರನ್ನೇ ದೂರಿ, ಮತ್ತೊಂದು ಜೊತೆ ಡಿಸ್ಕ್ ಮಾರುತ್ತಾರೆ.

ವೀಲ್ ನಟ್ ಬಿಗಿಯುವ ರೀತಿಯಿಂದಲೂ ಇದೇ ಕಾಯಿಲೆ ಬರುತ್ತದೆ. ಏರ್ ಗನ್ ಹಿಡಿದು ಸಾಲಾಗಿ ಒಂದಾದ ಮೇಲೊಂದು ಗರ್‍ರೆಂದು ಬಿಗಿದರೆ ಒಂದು ನಟ್ ಅತಿ ಬಿಗಿ, ಇನ್ನೊಂದು ಸಡಿಲವಾಗಿ ಡಿಸ್ಕ್ ಓರೆಯಾಗಿ ಕೂರುತ್ತದೆ. ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿದು, ಕೊನೆಗೆ ಟಾರ್ಕ್ ರೆಂಚಿನಲ್ಲಿ ಮುಗಿಸಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಸಾಕು. ಪಂಕ್ಚರ್ ಅಂಗಡಿಯಲ್ಲೂ ಇದನ್ನು ಕೇಳಿ ಪಡೆಯಿರಿ.

ಚಾಲಕರ ಪಾಲೂ ಇಲ್ಲದಿಲ್ಲ. ಒಂದು ಟನ್ ತೂಕದ ಕಾರನ್ನು ಬರೀ ಬ್ರೇಕಿನ ಮೇಲೆ 500 ಮೀಟರ್ ಎತ್ತರದಿಂದ ಇಳಿಸಿದರೆ, ಗಂಟೆಗೆ 60 ಕಿ.ಮೀ. ವೇಗದಿಂದ ಮೂವತ್ತೈದು ಸಲ ಪೂರ್ತಿ ನಿಲ್ಲಿಸಿದಷ್ಟು ಶಾಖ ಹೆಚ್ಚುಕಡಿಮೆ ಹುಟ್ಟುತ್ತದೆ. ಘಾಟಿಯ ಮೇಲಿನ ಕೊಟ್ಟಿಗೆಹಾರದಿಂದ ನಾಲ್ಕನೇ ಗೇರಿನಲ್ಲೋ ನ್ಯೂಟ್ರಲ್‌ನಲ್ಲೋ ಇಳಿದು ಬಂದವರು ಕೆಳಗೆ ಚೆಕ್‌ಪೋಸ್ಟ್ ಗೇಟಿನ ಹತ್ತಿರ ಪೆಡಲ್ ಅದುಮಿ ನಿಲ್ಲುತ್ತಾರೆ. ಕಾದ ಪ್ಯಾಡಿನ ಅಂಟು ಡಿಸ್ಕಿನ ಆ ಒಂದೇ ಜಾಗಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಚಕ್ರ ತಿರುಗಿದಾಗೆಲ್ಲ ಅಲ್ಲೊಂದು ಎಳೆತ. ಘಾಟಿ ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ. ಬ್ರೇಕ್ ಸುಟ್ಟ ವಾಸನೆ ಬಂದರೆ ದಯವಿಟ್ಟು ನೀರು ಎರಚಬೇಡಿ. ಸಮತಟ್ಟಾದ ಜಾಗ ನೋಡಿ ಗೇರ್ ಹಾಕಿ ನಿಲ್ಲಿಸಿ, ಪೆಡಲಿನಿಂದ ಕಾಲು ತೆಗೆದು, ತಣಿಯುವವರೆಗೆ ಕಾಯಿರಿ.

ಬ್ರೇಕ್ ಒತ್ತಿದಾಗ ಪೆಡಲಿನ ಜೊತೆ ಸ್ಟೇರಿಂಗ್ ಕೂಡ ನಡುಗಿದರೆ ಮುಂದಿನ ಚಕ್ರ ನೋಡಬೇಕು. ಸೀಟಿನ ಕೆಳಗೆ ಮಾತ್ರ ಅದುರಿದರೆ ಹಿಂದಿನ ಡ್ರಮ್ಮಿನ ಮೇಲೆ ಅನುಮಾನ ಇಡಿ. ಖಾಲಿ ರಸ್ತೆಯಲ್ಲಿ, ನಿಧಾನದಲ್ಲಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಮೆಲ್ಲಗೆ ಎಳೆದಾಗ ಅದೇ ತಾಳ ಬಂದರೆ ಡ್ರಮ್ ದುಂಡಗಿಲ್ಲ ಎಂದರ್ಥ. ಜಾರುವ ರಸ್ತೆಯಲ್ಲಿ ಗಕ್ಕನೆ ಬ್ರೇಕ್ ಹಾಕಿದಾಗ ಪೆಡಲ್ ಪಟಪಟ ಬಡಿದರೆ ಅದು ಎಬಿಎಸ್ ತನ್ನ ಕೆಲಸ ಮಾಡುವ ಬಗೆ. ಹೆದರಿ ಕಾಲು ಎತ್ತಬೇಡಿ, ಒತ್ತಿಯೇ ಹಿಡಿಯಿರಿ.

ಐಟಿಐ ಮುಗಿಸಿ ನನ್ನಲ್ಲಿಗೆ ಬರುವ ಹುಡುಗರಿಗೆ ಡಯಲ್ ಗೇಜ್ ಓದಲು ಬರುತ್ತದೆ, ಪರೀಕ್ಷೆಗೆ ಕಲಿತಿರುತ್ತಾರೆ. ಕೆಲಸಕ್ಕೆ ಸೇರಿದ ಗ್ಯಾರೇಜುಗಳಲ್ಲಿ ಆ ಗೇಜೇ ಇರುವುದಿಲ್ಲ. ಕಲಿತದ್ದನ್ನು ಒಂದು ವರ್ಷದಲ್ಲಿ ಮರೆಯುತ್ತಾರೆ. ಸ್ಟ್ಯಾಂಡ್ ಸಮೇತ ಸಾಧಾರಣ ಗೇಜೊಂದು ಒಂದು ಜೊತೆ ಡಿಸ್ಕಿನ ದುಡ್ಡಿಗೆ ಸಿಗುತ್ತದೆ. ಬ್ರೇಕ್ ಮುಟ್ಟುವ ಪ್ರತಿ ಗ್ಯಾರೇಜೂ ಅದನ್ನು ಇಟ್ಟುಕೊಳ್ಳಲಿ. ಡಿಸ್ಕ್ ಬದಲಿಸಿದ ಬಿಲ್ಲಿನಲ್ಲಿ ಮೂರು ಸಂಖ್ಯೆ ಬರೆದು ಕೊಡಲಿ: ಹಳೆಯ ಡಿಸ್ಕಿನ ದಪ್ಪ, ಹೊಸದು ಕೂತ ಮೇಲೆ ಮುಳ್ಳು ಓಡಿದ ಅಳತೆ, ನಟ್ ಬಿಗಿದ ಟಾರ್ಕ್. ಆ ಮೂರೂ ಇಲ್ಲದ ಬಿಲ್ಲಿಗೆ ದುಡ್ಡು ಎಣಿಸುವ ಮೊದಲು ಗಿರಾಕಿಗಳು ಕೇಳಲಿ.